ಕಡಲ ಎದುರಿನ ನಾಲ್ಕನೇ ಮಹಡಿ

ಆ ಬೀದಿಯಲ್ಲಿ ಯಾರ ಕೈಯಲ್ಲಿ ನಾಲ್ಕು ಕಾಸು ಸೇರಿದರೂ ಮಾತು ಹೋಗಿ ನಿಲ್ಲುತ್ತಿದ್ದುದು ಒಂದೇ ಕಡೆ: ಕಡಲ ಊರಿನ ಫ್ಲ್ಯಾಟು. ಬಸ್ಸಿನಲ್ಲಿ ಐದು ಗಂಟೆಯ ದಾರಿ. ಔಷಧಿ ಅಂಗಡಿಯವರು ಅಲ್ಲಿ ಒಂದು ಕೊಂಡಿದ್ದರು. ಡ್ರೈವಿಂಗ್ ಸ್ಕೂಲಿನವರು ಎರಡು ಕೊಂಡಿದ್ದರು. ಇವರಲ್ಲಿ ಯಾರೂ ಅಲ್ಲಿ ಹೋಗಿ ಸಂಸಾರ ಮಾಡುವವರಲ್ಲ. ಈಗ ಕೊಂಡು ಬಾಡಿಗೆಗೆ ಬಿಟ್ಟರೆ, ಬೆಲೆ ಏರಿದ ಮೇಲೆ ಮಾರಬಹುದು ಎಂಬ ಯೋಚನೆ, ಅಷ್ಟೆ.

ಬೀದಿಯವರೆಲ್ಲ ಲಾಂಡ್ರಿ ಅಕ್ಕ ಎಂದು ಕರೆಯುವವಳಿಗೂ ಅಲ್ಲೊಂದು ಮನೆ ಇತ್ತು. ಇಪ್ಪತ್ತೆರಡು ವರ್ಷ ಗಂಡ ಹೆಂಡತಿ ಬಿಸಿ ಆವಿಯ ಮುಂದೆ ನಿಂತು ಕೂಡಿಸಿದ ದುಡ್ಡಿನಲ್ಲಿ ಕೊಂಡದ್ದು. ನಾಲ್ಕನೇ ಮಹಡಿ, ಎರಡು ಕೋಣೆ, ಕಡಲ ಕಡೆಗೆ ಒಂದು ಬಾಲ್ಕನಿ. ನೋಂದಣಿಯ ದಿನ ಲಿಫ್ಟು ಕೆಟ್ಟಿತ್ತು. ಅಕ್ಕನ ಮಂಡಿ ನೋಯುತ್ತಿತ್ತು. ಗಂಡ ಒಬ್ಬನೇ ಹತ್ತಿ ಹೋಗಿ, ಹತ್ತು ನಿಮಿಷದಲ್ಲಿ ಇಳಿದು ಬಂದು, "ಚೆನ್ನಾಗಿದೆ ಕಣೇ, ಸಮುದ್ರ ಕಾಣುತ್ತೆ" ಅಂದಿದ್ದ. ಅಕ್ಕ ತನ್ನ ಮನೆಯನ್ನು ಕೆಳಗಿನಿಂದ ಕತ್ತೆತ್ತಿ ನೋಡಿದ್ದಷ್ಟೇ. ಅದಾಗಿ ಆರು ವರ್ಷ.

ಬಾಡಿಗೆಗೆ ಇದ್ದವಳು ಆಸ್ಪತ್ರೆಯ ನರ್ಸು. ಜೊತೆಗೆ ಅವಳ ಅಪ್ಪ, ಗಡಿಯಾರ ರಿಪೇರಿ ಮಾಡುವ ಮುದುಕ. ಪ್ರತಿ ತಿಂಗಳು ಐದನೇ ತಾರೀಖು ಬಾಡಿಗೆ ಬಂದು ಬೀಳುತ್ತಿತ್ತು. ಇದಕ್ಕಿಂತ ಒಳ್ಳೆಯ ಬಾಡಿಗೆದಾರರು ಸಿಗುವುದಿಲ್ಲ ಎಂದು ಅಕ್ಕ ಎಲ್ಲರ ಮುಂದೆ ಹೇಳುತ್ತಿದ್ದಳು.

ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ನರ್ಸು ಮೊದಲ ಸಲ ಫೋನ್ ಮಾಡಿದಳು.

"ಅಮ್ಮಾ, ಬಾಲ್ಕನಿಯ ಮೇಲ್ಗಡೆ ಕೆಂಪಗೆ ಒಂದು ಗೆರೆ ಬಿದ್ದಿದೆ. ತುಕ್ಕಿನ ಥರ. ಅಕ್ಕಪಕ್ಕ ಗಾರೆ ಉಬ್ಬಿಕೊಂಡಿದೆ. ಒಂದ್ಸಲ ಬಂದು ನೋಡ್ತೀರಾ?"

"ಸಮುದ್ರದ ಪಕ್ಕ ಅಂದ್ಮೇಲೆ ತೇವ ಇರದೇ ಇರುತ್ತೇನಮ್ಮಾ? ಒಂದು ಕೋಟ್ ಬಣ್ಣ ಹೊಡೆಸಿಬಿಡು. ಖರ್ಚು ಬಾಡಿಗೆಯಲ್ಲಿ ಹಿಡ್ಕೋ" ಎಂದು ಅಕ್ಕ ಉದಾರವಾಗಿಯೇ ಹೇಳಿದಳು.

ಬಣ್ಣ ಹೊಡೆದದ್ದಾಯಿತು. ಮುಂದಿನ ಮಳೆಗೆ ಗೆರೆ ಮತ್ತೆ ಮೂಡಿತು. ಅದೇ ವರ್ಷ ಕಟ್ಟಡದ ಮಾಲೀಕರ ಸಂಘದಿಂದ ಒಂದು ಕಾಗದ ಬಂತು. ಕಟ್ಟಡಕ್ಕೆ ದೊಡ್ಡ ರಿಪೇರಿ ಆಗಬೇಕು, ಎಲ್ಲ ಮನೆಯವರೂ ರಿಪೇರಿ ನಿಧಿಗೆ ದುಡ್ಡು ಹಾಕಬೇಕು, ಸಭೆಗೆ ಬರಲಾಗದವರು ಒಪ್ಪಿಗೆ ಇದೆಯೋ ಇಲ್ಲವೋ ಗುರುತು ಹಾಕಿ ಕಳಿಸಿ ಎಂದು ಬರೆದಿತ್ತು.

"ನಾವೇನು ಅಲ್ಲಿ ಇರ್ತೀವಾ? ಇರೋರು ನೋಡ್ಕೊಳ್ಳಲಿ" ಎಂದ ಗಂಡ.

ಅಕ್ಕ ಕೌಂಟರಿನ ಮೇಲೇ ಕಾಗದ ಇಟ್ಟುಕೊಂಡು 'ಬೇಡ' ಎನ್ನುವಲ್ಲಿ ಗುರುತು ಹಾಕಿದಳು. ಮರುವರ್ಷವೂ ಅದೇ ಕಾಗದ ಬಂತು. ಅದೇ ಗುರುತು ಹೋಯಿತು.

ಈ ವರ್ಷ ಬ್ರೋಕರು ಬಂದು ಕೂತ. ಅದೇ ಕಟ್ಟಡದಲ್ಲಿ, ಅದೇ ಮಹಡಿಯಲ್ಲಿ, ಪಕ್ಕದ ಮನೆಯೇ ಮಾರಾಟಕ್ಕಿದೆಯಂತೆ. ಬೆಲೆಯೂ ಕಮ್ಮಿಯಂತೆ. ಸೋಮವಾರ ಕಳೆದರೆ ಬೇರೆಯವರ ಪಾಲಾಗುತ್ತದಂತೆ. ಗಂಡನ ಮುಖ ಅರಳಿತು. ಸೋಮವಾರ ಬೆಳಗ್ಗೆ ಮುಂಗಡ ಕೊಡುವುದೆಂದು ಮಾತಾಯಿತು.

ಮಾರನೆಯ ದಿನ ಲಾಂಡ್ರಿಯ ಪಕ್ಕದ ಮನೆಯ ಮೇಸ್ತ್ರಿ ಇಸ್ತ್ರಿಗೆ ಬಟ್ಟೆ ತಂದ. ಗಾರೆ ಕೆಲಸದವನು. ವರ್ಷದಲ್ಲಿ ಆರು ತಿಂಗಳು ಕಡಲ ಊರುಗಳಲ್ಲಿ ಹಳೆಯ ಕಟ್ಟಡಗಳ ರಿಪೇರಿ ಮಾಡಿಕೊಂಡಿರುವವನು. ಅಕ್ಕ ಸುದ್ದಿ ಹೇಳಿದಳು.

"ಕಮ್ಮಿ ಬೆಲೆಗೆ ಯಾಕೆ ಮಾರ್ತಿದಾರಂತೆ?" ಎಂದು ಕೇಳಿದ ಮೇಸ್ತ್ರಿ.

"ಅವರಿಗೇನು ತೊಂದರೆಯೋ ಏನೋ. ಅದನ್ನ ಕಟ್ಕೊಂಡು ನಮಗೇನು?"

"ಅಕ್ಕಾ, ಗಿರಾಕಿ ಒಂದು ಕೋಟು ತಂದುಕೊಟ್ರೆ ನೀವು ಒಳಗಿನ ಬಟ್ಟೆ ತಿರುವಿ ನೋಡದೆ ರಸೀದಿ ಬರೆಯಲ್ಲ. ಎಲ್ಲಿ ಹರಿದಿದೆ, ಎಲ್ಲಿ ಕಲೆ ಇದೆ, ಎಲ್ಲಾ ತೋರಿಸಿ ಬರೀತೀರಿ. ಮನೆ ಮಾತ್ರ ಫೋಟೋ ನೋಡಿ ತಗೋತೀರಲ್ಲ."

ಒಳಗೆ ಬಟ್ಟೆ ಮಡಿಸುತ್ತಿದ್ದ ಗಂಡ ನಕ್ಕ. "ಮೇಸ್ತ್ರಿ ಕಣ್ಣಿಗೆ ಹೊಸ ಸೇತುವೆ ತೋರಿಸಿದ್ರೂ ಬಿರುಕೇ ಕಾಣೋದು. ಅವನ ಹೊಟ್ಟೆಪಾಡು ಅದರ ಮೇಲೇ ನಿಂತಿದೆ."

ಮೇಸ್ತ್ರಿಯೂ ನಕ್ಕ. ಆದರೆ ಹೋಗುವಾಗ ಅಕ್ಕನಿಗೆ ಹೇಳಿದ: "ಭಾನುವಾರ ನನಗೆ ಬಿಡುವಿದೆ. ಮುಂಗಡ ಕೊಡೋ ಮುಂಚೆ ಒಂದ್ಸಲ ನೋಡಿ ಬರೋಣ. ಬಸ್ಸಿನ ಚಾರ್ಜು ನಂದು ನಾನೇ ಹಾಕ್ಕೋತೀನಿ."

ಭಾನುವಾರ ನಸುಕಿಗೇ ಇಬ್ಬರೂ ಬಸ್ ಹತ್ತಿದರು. ದಾರಿಯಲ್ಲಿ ಅಕ್ಕನಿಗೆ ಒಂದು ಮಾತು ನೆನಪಾಯಿತು. ಕಳೆದ ಹದಿನೈದು ದಿನದೊಳಗೆ ನರ್ಸು ಮೂರು ಸಲ ಫೋನ್ ಮಾಡಿದ್ದಳು. ಮತ್ತೆ ಬಣ್ಣದ ರಾಮಾಯಣವೇ ಇರಬೇಕು ಎಂದು ಅಕ್ಕ ಎತ್ತಿರಲಿಲ್ಲ. ಅದನ್ನು ಮೇಸ್ತ್ರಿಗೆ ಹೇಳಲಿಲ್ಲ.

ಕಟ್ಟಡದ ಕಡಲ ಬದಿಗೆ ಹಗ್ಗ ಕಟ್ಟಿ ಯಾರೂ ಓಡಾಡದಂತೆ ಮಾಡಿದ್ದರು. ಮೂಲೆಯಲ್ಲಿ ಒಡೆದ ಕಾಂಕ್ರೀಟು ರಾಶಿ ಬಿದ್ದಿತ್ತು. ರಾಶಿಯ ಮೇಲೆ ಕಾಲು ಮುರಿದ ಒಂದು ಪ್ಲಾಸ್ಟಿಕ್ ಕುರ್ಚಿ.

"ಆ ಕಡೆ ಹೋಗಬೇಡಿ" ಎಂದ ಕಾವಲಿನವನು. "ಹತ್ತು ದಿನದ ಹಿಂದೆ ಬಾಲ್ಕನಿ ಮೇಲಿಂದ ಕಾಂಕ್ರೀಟು ಕಳಚಿ ಬಿತ್ತು. ನಾಲ್ಕನೇ ಮಹಡಿ ಅಜ್ಜ ಕೂತಿದ್ರು, ಅವರ ಮೇಲೇ."

"ನಾಲ್ಕನೇ ಮಹಡಿಯಲ್ಲಿ ಯಾವ ಅಜ್ಜ?" ಎಂದಳು ಅಕ್ಕ. ಕೇಳುವಾಗಲೇ ಅವಳಿಗೆ ಗೊತ್ತಿತ್ತು.

"ಗಡಿಯಾರದ ಅಜ್ಜ."

ಲಿಫ್ಟು ಇತ್ತು. ಆದರೆ ಅಕ್ಕ ಅದರ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಹತ್ತತೊಡಗಿದಳು. ಮೇಸ್ತ್ರಿ ಹಿಂದೆ ಬಂದ.

ಬಾಗಿಲು ತೆಗೆದ ನರ್ಸು ಆಗಷ್ಟೇ ಆಸ್ಪತ್ರೆಯ ಪಾಳಿ ಮುಗಿಸಿ ಬಂದಂತಿತ್ತು. "ಯಾರು ಬೇಕಿತ್ತು?" ಎಂದಳು. ಆರು ವರ್ಷದಲ್ಲಿ ಅವರಿಬ್ಬರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ನಾನಮ್ಮಾ... ಮನೆ ನಮ್ಮದು."

ಕಿಟಕಿಯ ಪಕ್ಕದ ಮೇಜಿನ ಮೇಲೆ ಭೂತಗನ್ನಡಿ, ಸಣ್ಣ ಚಿಮಟ, ಸೂಜಿಯಂಥ ಸ್ಕ್ರೂಡ್ರೈವರುಗಳು ಸಾಲಾಗಿದ್ದವು. ಅರ್ಧ ಬಿಚ್ಚಿದ ಗಡಿಯಾರವೊಂದರ ಮೇಲೆ ಧೂಳು ಕೂರದಂತೆ ಗಾಜಿನ ಲೋಟ ಬೋರಲು ಹಾಕಿತ್ತು. ಅಜ್ಜ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಅದರ ತುದಿಯಲ್ಲಿ ಕಾಣುತ್ತಿದ್ದುದು ಮೂರೇ ಬೆರಳು.

"ಮೂರು ಸಲ ಫೋನ್ ಮಾಡಿದೆ ಅಮ್ಮಾ" ಎಂದಳು ನರ್ಸು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

ಕೆಲಸದ ಗಡಿಬಿಡಿ ಅನ್ನುವ ಮಾತು ಅಕ್ಕನ ನಾಲಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

"ನೋಡಿದೆ. ಬಣ್ಣದ ವಿಷಯ ಇರಬೇಕು ಅಂತ ಎತ್ತಲಿಲ್ಲ."

ಅಕ್ಕ ನಿಂತೇ ಇದ್ದಳು. ಕೊನೆಗೆ ಅಜ್ಜನೇ, "ಕೂತ್ಕೊಳ್ಳಿ. ಮೆಟ್ಟಿಲು ಹತ್ತಿ ಬಂದಿದೀರಿ" ಎಂದರು.

ಮೇಸ್ತ್ರಿ ಚೀಲದಿಂದ ಸಣ್ಣ ಸುತ್ತಿಗೆ ತೆಗೆದ. ಬಾಲ್ಕನಿಗೆ ಕಾಲಿಡಲಿಲ್ಲ. ಬಾಗಿಲಲ್ಲೇ ನಿಂತು ಮೇಲೆ ನೋಡಿದ. ಕಾಂಕ್ರೀಟು ಕಳಚಿಹೋದ ಕಡೆ ಕಂಬಿಗಳು ಹೊರಗೆ ಬಿದ್ದಿದ್ದವು. ಒಂದೊಂದೂ ತೊಗಟೆ ಎದ್ದ ಕಡ್ಡಿಯ ಹಾಗೆ ಪದರ ಪದರವಾಗಿ ಸುಲಿಯುತ್ತಿತ್ತು. ಒಳಗಿನ ತೊಲೆಯನ್ನು ಅವನು ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಒಂದು ಕಡೆ ಗಟ್ಟಿ ಸದ್ದು ಬಂತು. ನಾಲ್ಕು ಬೆರಳು ಈಚೆಗೆ ಬಡಿದರೆ ಖಾಲಿ ಡಬ್ಬದ ಸದ್ದು.

"ಇಲ್ಲಿ ಗಾಳಿಯಲ್ಲೇ ಉಪ್ಪಿರುತ್ತೆ ಅಕ್ಕಾ" ಎಂದ. "ಸಣ್ಣ ಬಿರುಕು ಸಿಕ್ಕಿದ್ರೆ ಸಾಕು, ನೀರಿನ ಜೊತೆ ಒಳಗೆ ಇಳಿಯುತ್ತೆ. ಕಂಬಿಗೆ ತುಕ್ಕು ಹಿಡಿಯುತ್ತೆ. ತುಕ್ಕು ಹಿಡಿದ ಕಬ್ಬಿಣ ಊದ್ಕೊಳ್ಳುತ್ತೆ. ಊದಿ ಊದಿ ಕಾಂಕ್ರೀಟನ್ನ ಒಳಗಿಂದಲೇ ಒಡೆದುಹಾಕುತ್ತೆ. ಮೇಲೆ ಬಣ್ಣ ಬಳಿದ್ರೆ ನಮ್ಮ ಕಣ್ಣಿಗೆ ಮುಚ್ಚುತ್ತೆ, ಕಂಬಿಗೆ ಏನೂ ಆಗಲ್ಲ."

"ಮೊದಲು ಗೆರೆ ಬಿದ್ದಾಗಲೇ ನೋಡಿಸಿದ್ರೆ?"

"ಆಗ ಸುಮ್ಮನೆ ಕೆರೆದು, ಕಂಬಿ ಉಜ್ಜಿ, ತುಕ್ಕು ತಡೆಯೋ ಮದ್ದು ಹಚ್ಚಿ ಮುಚ್ಚಬಹುದಿತ್ತು. ಒಂದು ವಾರದ ಕೆಲಸ. ಈಗ ಹಾಗಲ್ಲ. ನಾನು ಗಾರೆಯವನು, ನಾನು ಬಡಿದು ಹೇಳೋದು ಸಾಲದು. ಕಟ್ಟಡ ಪರೀಕ್ಷೆ ಮಾಡೋ ಇಂಜಿನಿಯರು ನೋಡಿ ಬರೆದುಕೊಡಬೇಕು."

"ಬರೆದುಕೊಟ್ಟಿದ್ದಾರೆ" ಎಂದಳು ನರ್ಸು. "ಎರಡು ವರ್ಷ ಆಯ್ತು. ಕೆಳಗೆ ಸಂಘದ ಆಫೀಸಲ್ಲಿದೆ. ರಿಪೇರಿಗೆ ದುಡ್ಡು ಕೂಡಲಿಲ್ಲ. ನಲವತ್ತು ಮನೆಯಲ್ಲಿ ಮಾಲೀಕರು ತಾವೇ ಇರೋದು ಹನ್ನೊಂದರಲ್ಲಿ. ಮಿಕ್ಕವರೆಲ್ಲ ದೂರದವರು. ಬೇಡ ಅಂತ ಬರೆದು ಕಳಿಸಿದ್ರಂತೆ. ನಾವು ಬಾಡಿಗೆಯವರು, ನಮ್ಮ ಒಪ್ಪಿಗೆ ಯಾರೂ ಕೇಳಲ್ಲ."

ಅಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ನಾನೂ ಬೇಡ ಅಂತಲೇ ಬರೆದಿದ್ದೆ. ಎರಡು ಸಲ."

ಅಜ್ಜ ಅವಳ ಕಡೆ ತಿರುಗಿದರು.

"ಅದನ್ನ ಬರೆಯೋಕೆ ಎಷ್ಟು ಹೊತ್ತು ಬೇಕಾಯ್ತಮ್ಮಾ?"

ಚುಚ್ಚುವ ಮಾತಲ್ಲ ಅದು. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ ಹಾಗಿತ್ತು.

"ಒಂದು ನಿಮಿಷವೂ ಬೇಕಾಗ್ಲಿಲ್ಲ" ಎಂದಳು ಅಕ್ಕ. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಂಡು ಅತ್ತಳು. ನರ್ಸು ನೀರು ತಂದುಕೊಟ್ಟಳು. ಅಜ್ಜ ಸಮಾಧಾನ ಹೇಳಲಿಲ್ಲ. ಅವರು ಹೇಳಬೇಕಾಗಿಯೂ ಇರಲಿಲ್ಲ.

ಕೆಳಗೆ ಸಂಘದ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು, ಕೇಳಿದ ಕೂಡಲೇ ಇಂಜಿನಿಯರ ವರದಿ ತೆಗೆದುಕೊಟ್ಟರು. ಯಾವ ಯಾವ ಬಾಲ್ಕನಿ, ಯಾವ ಯಾವ ಕಂಬ ಎಂದು ಪಟ್ಟಿಯೇ ಇತ್ತು. ಅಕ್ಕನ ಮನೆಯ ನಂಬರು ಮೂರನೆಯದು. ನಾಲ್ಕನೆಯದು ಪಕ್ಕದ ಮನೆಯದು, ಸೋಮವಾರ ಮುಂಗಡ ಕೊಡಬೇಕಿದ್ದ ಮನೆಯದು.

"ಮನೆ ಕೊಳ್ಳೋಕೆ ಬಂದವರಲ್ಲಿ ಇದನ್ನ ಕೇಳಿ ಓದಿದವರು ನೀವೇ ಮೊದಲು" ಎಂದರು ಮೇಷ್ಟ್ರು. "ಸಮುದ್ರ ಕಾಣುತ್ತಾ, ಲಿಫ್ಟ್ ಇದೆಯಾ, ಬಾಡಿಗೆ ಎಷ್ಟು ಬರುತ್ತೆ, ಇಷ್ಟು ಕೇಳಿ ಹೋಗ್ತಾರೆ."

ಮಾರನೆಯ ಬೆಳಗ್ಗೆ ಲಾಂಡ್ರಿಯಲ್ಲಿ ಗಂಡ ಬ್ರೋಕರಿನ ದಾರಿ ಕಾಯುತ್ತಿದ್ದ. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು.

"ಅದು ಸಂಘದವರ ತಪ್ಪು. ಕಟ್ಟಿದವನ ತಪ್ಪು. ನಮ್ಮದೇನಿದೆ ಅದರಲ್ಲಿ?" ಎಂದ ಗಂಡ.

"ಸಂಘ ಅಂದ್ರೆ ಯಾರು? ನಲವತ್ತು ಮನೆಯವರು. ಅದರಲ್ಲಿ ನಾವೂ ಒಬ್ಬರು. ಆ ಕಾಗದ ನಮ್ಮ ಕೌಂಟರಿಂದಲೇ ಹೋಗಿದ್ದು ಕಣ್ರೀ."

"ಕಡಲ ಊರಲ್ಲಿ ಯಾರೂ ಮನೆ ಕೊಳ್ಳೋದೇ ಬೇಡ ಅಂತೀಯಾ ಹಾಗಾದ್ರೆ?"

"ಕೊಳ್ಳಬೇಡಿ ಅಂದ್ನಾ? ಕೊಂಡ ಮೇಲೆ ಅದು ಮನೆ. ಅದರೊಳಗೆ ಜನ ಮಲಗಿ ಏಳ್ತಾರೆ. ನಾವು ಅದನ್ನ ಬಾಡಿಗೆ ಬರೋ ಚೀಟಿ ಅಂದ್ಕೊಂಡ್ವಿ."

ಗಂಡ ಒಂದು ಅಂಗಿ ಎತ್ತಿಕೊಂಡು ಮಡಿಸತೊಡಗಿದ. "ಯಾವ ಕೈ?" ಎಂದು ಕೇಳಿದ.

"ಬಲಗೈ."

ಅವನು ಮಡಿಸುತ್ತಿದ್ದ ಅಂಗಿಯನ್ನು ಹಾಗೇ ಬಿಟ್ಟು ತನ್ನ ಬಲಗೈ ನೋಡಿಕೊಂಡ. ಇಪ್ಪತ್ತೆಂಟು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಅದು. ಬ್ರೋಕರು ಬಂದಾಗ, "ಬೇಡಪ್ಪ" ಎಂದಷ್ಟೇ ಹೇಳಿ ಕಳಿಸಿದ.

ಎರಡನೇ ಮನೆಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಒಂದು ಭಾಗ ಅಜ್ಜನ ಚಿಕಿತ್ಸೆಗೆ ಹೋಯಿತು, ಒಂದು ಭಾಗ ರಿಪೇರಿ ನಿಧಿಗೆ. ಅಕ್ಕ ಮೇಷ್ಟ್ರ ಹತ್ತಿರ ದೂರದ ಮಾಲೀಕರ ಫೋನ್ ನಂಬರುಗಳನ್ನು ತೆಗೆದುಕೊಂಡು, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಬ್ಬೊಬ್ಬರಿಗೇ ಮಾಡಿದಳು. ಕೆಲವರು ಎತ್ತಲಿಲ್ಲ. ಕೆಲವರು ಅರ್ಧದಲ್ಲೇ ಇಟ್ಟರು. ಒಬ್ಬರು, "ನಿಮಗೆ ಕಮಿಷನ್ ಎಷ್ಟು?" ಎಂದು ಕೇಳಿದರು. ಅವಳು ಬಿಡಲಿಲ್ಲ. ಎರಡು ತಿಂಗಳ ಮೇಲೆ ನಡೆದ ಸಭೆಯಲ್ಲಿ ಮೂವತ್ತೊಂದು ಮನೆಯವರು ಒಪ್ಪಿದರು. ಇಂಜಿನಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಶುರುವಾಯಿತು. ಅದು ಮುಗಿಯುವವರೆಗೆ ನರ್ಸು ಮತ್ತು ಅಜ್ಜ ಬೇರೆ ಕಡೆ ಇದ್ದರು, ಅಕ್ಕನ ಖರ್ಚಿನಲ್ಲಿ.

ಅಜ್ಜನ ಬೆರಳು ಬರಲಿಲ್ಲ. ಅವರು ತಮ್ಮ ಸಲಕರಣೆಗಳನ್ನು ಬೇರೊಬ್ಬ ಗಡಿಯಾರದವರಿಗೆ ಕೊಟ್ಟುಬಿಟ್ಟರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಡಲ ಊರಿನಲ್ಲಿ ಮನೆ ಕೊಳ್ಳುವುದು ತಪ್ಪಲ್ಲ. ಕೊಳ್ಳುವ ಮುಂಚೆ ನೀವೇ ಹೋಗಿ, ಮೆಟ್ಟಿಲು ಹತ್ತಿ, ಒಳಗೆ ನಿಂತು ತಲೆ ಎತ್ತಿ ನೋಡಿ. ತುಕ್ಕಿನ ಗೆರೆ, ಉಬ್ಬಿದ ಗಾರೆ, ಹೊಸದಾಗಿ ಬಳಿದ ಬಣ್ಣ ಕಂಡರೆ ಕಾರಣ ಕೇಳಿ. ಇಂಜಿನಿಯರ ವರದಿ ಇದೆಯೇ, ರಿಪೇರಿ ನಿಧಿಯಲ್ಲಿ ದುಡ್ಡಿದೆಯೇ ಎಂದು ಸಂಘದವರಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ. ಬೆಲೆ ಕಮ್ಮಿ ಎಂದರೆ ಯಾಕೆ ಕಮ್ಮಿ ಎಂದು ತಿಳಿದುಕೊಳ್ಳಿ. ಈಗಾಗಲೇ ಕೊಂಡಿದ್ದರೆ, ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆಯಾದರೂ ಹೋಗಿ ಬನ್ನಿ. ಬಾಡಿಗೆಗೆ ಇರುವವರು ಬಿರುಕು ಬಿಟ್ಟಿದೆ ಎಂದರೆ ಅದನ್ನು ಗೊಣಗಾಟ ಎಂದುಕೊಳ್ಳಬೇಡಿ. ಅವರು ನಿಮಗಿಂತ ಮೊದಲು ಅದನ್ನು ನೋಡಿರುತ್ತಾರೆ, ಅಷ್ಟೆ.

ನಿಮ್ಮ ಕಟ್ಟಡದ ಮಾಲೀಕರ ಸಭೆ ಮುಂದೆ ಯಾವಾಗ ಇದೆ ಎಂದು ನಿಮಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿ. ಆ ದಿನ ಅಲ್ಲಿ ಹೋಗಿ ಕೂತುಕೊಳ್ಳಿ.