ಹನ್ನೊಂದನೇ ಫ್ಲಾಸ್ಕಿನ ಒಪ್ಪಿಗೆ

ಭೂತಗನ್ನಡಿ ಎಂದೇ ಹೆಸರಾಗಿದ್ದ ಹಿರಿಯ ತಂತ್ರಜ್ಞರು ತೀರಿಕೊಂಡ ಸುದ್ದಿ ಬಂದದ್ದು ಸೋಮವಾರ ಬೆಳಿಗ್ಗೆ, ಎಲ್ಲರೂ ದೊಡ್ಡಮ್ಮ ಎಂದೇ ಕರೆಯುವ ಅವರ ಸಹೋದ್ಯೋಗಿ ಪ್ರಯೋಗಾಲಯಕ್ಕೆ ಬಂದು ಕೈ ತೊಳೆಯುತ್ತಿದ್ದಾಗ. "ದೊಡ್ಡಮ್ಮಾ, ಅಪ್ಪ ಹೋಗಿಬಿಟ್ರು," ಎಂದಳು ಭೂತಗನ್ನಡಿಯವರ ಮಗಳು ಫೋನಿನಲ್ಲಿ. ದೊಡ್ಡಮ್ಮ ನಲ್ಲಿ ನಿಲ್ಲಿಸಿ ಅಲ್ಲೇ ಸ್ಟೂಲಿನ ಮೇಲೆ ಕುಳಿತರು.

ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡಿದವರು. ಸವೆದ ಮೊಣಕಾಲಿಗೆ ರೋಗಿಯದೇ ಮೃದ್ವಸ್ಥಿಯ ಚೂರಿನಿಂದ ಜೀವಕೋಶ ಬೆಳೆಸಿಕೊಡುವ ಜಾಗ ಅದು. ಚೂರಿನ ಜೊತೆ ಕೀಲಿನ ಒಳಪೊರೆಯ ಜೀವಕೋಶಗಳೂ ಕರೆಯದೆ ಬಂದ ನೆಂಟರಂತೆ ನುಸುಳುತ್ತವೆ. ಮನೆಯವರಿಗಿಂತ ಬೇಗ ಬೆಳೆದು ಮನೆಯನ್ನೇ ತುಂಬಿಕೊಳ್ಳುತ್ತವೆ, ಆದರೆ ಅವುಗಳಿಂದ ಮೃದ್ವಸ್ಥಿಯಾಗದು. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ಮೈಕ್ರೋಸ್ಕೋಪಿನಲ್ಲಿ ಅವರಷ್ಟು ಸೂಕ್ಷ್ಮವಾಗಿ ಕಂಡವರಿಲ್ಲವೆಂದೇ ತೀರಿಕೊಂಡವರಿಗೆ ಭೂತಗನ್ನಡಿ ಎಂಬ ಅಡ್ಡಹೆಸರು. ಅವರು ಮಾತ್ರ, "ಅಕ್ಕಾ, ಕಣ್ಣನ್ನ ನಂಬಬೇಡಿ, ಜೀನ್ ಪರೀಕ್ಷೆ ಮಾಡಿಸಿ," ಎನ್ನುತ್ತಿದ್ದರು. ಪರೀಕ್ಷೆಗೆ ಒಂದು ದಿನ ಬೇಕು. ಆ ಒಂದು ದಿನ ಪ್ರಯೋಗಾಲಯದ ಮುಖ್ಯಸ್ಥರ ಹತ್ತಿರ ಎಂದೂ ಇರುತ್ತಿರಲಿಲ್ಲ. ಜೀವಕೋಶ ಬೆಳೆಸುವ ಹನ್ನೊಂದನೇ ಫ್ಲಾಸ್ಕು ಅತಿ ಬೇಗ ತುಂಬಿತು, ಒಳಗೆ ನೆಂಟರೇ ಇರಬೇಕೆಂದು ಹೋದ ವಾರ ಭೂತಗನ್ನಡಿ ಅನುಮಾನಪಟ್ಟಾಗ, "ವಯಸ್ಸಾಯ್ತು, ಕಣ್ಣು ಮಂಜಾಗಿದೆ ನಿಮಗೆ," ಎಂದು ಮುಖ್ಯಸ್ಥರು ನಕ್ಕಿದ್ದರು.

ಹನ್ನೊಂದು ಗಂಟೆಗೆ ಸಂತಾಪ ಸಭೆ. ಎರಡು ನಿಮಿಷದ ಮೌನಾಚರಣೆ ಮುಗಿದ ಮೇಲೆ ಮುಖ್ಯಸ್ಥರು ಗದ್ಗದಿತರಾದರು.

"ಎಂಥ ಕಣ್ಣು ಅವರದು. ಅವರ ಒಂದು ನೋಟ ನೂರು ಪರೀಕ್ಷೆಗೆ ಸಮ. ಕೊನೆಯದಾಗಿ ನೋಡಿದ್ದು ಹನ್ನೊಂದನೇ ಫ್ಲಾಸ್ಕು. ಅವರ ನೆನಪಿಗೆ ಅದನ್ನ ಇವತ್ತೇ ಆಸ್ಪತ್ರೆಗೆ ಕಳಿಸೋಣ."

ಬದುಕಿದ್ದಾಗ ಕಣ್ಣು ಕಾಣದವರಿಗೆ ಸತ್ತ ಸುದ್ದಿ ಬಂದ ಎರಡೇ ಗಂಟೆಯಲ್ಲಿ ದಿವ್ಯದೃಷ್ಟಿ ಬಂದಿತ್ತು. ಸತ್ತವರಿಂದ ಇದೊಂದು ಅನುಕೂಲ. ಏನು ಕೇಳಿದರೂ ಬೇಡವೆನ್ನುವುದಿಲ್ಲ.

ಆ ಫ್ಲಾಸ್ಕು ಮನೆಮನೆಗೆ ಅಂಚೆ ಹಂಚುವ ಹೆಂಗಸೊಬ್ಬಳ ಮೊಣಕಾಲಿಗೆ ಹೋಗಬೇಕಿತ್ತು. ಹೊರಡಲು ದೊಡ್ಡಮ್ಮನ ಸಹಿಯೂ ಬೇಕು. ಸಭೆಯಲ್ಲೇ ಕಾಗದ ಮುಂದೆ ಬಂತು.

"ಅವರು ನೋಡಿದ್ದು ಹೌದು ಸಾರ್, ಒಪ್ಪಿದ್ದಿಲ್ಲ. ಪರೀಕ್ಷೆ ಆಗಲಿ."

"ದುಃಖದ ದಿನ ಇದೆಲ್ಲ ಯಾಕೆ ದೊಡ್ಡಮ್ಮ?"

"ನಿಮ್ಮ ದುಃಖ ಎರಡು ನಿಮಿಷಕ್ಕೆ ಮುಗೀತು. ಅವಳು ಆ ಕಾಲಲ್ಲಿ ಇನ್ನೂ ಮೂವತ್ತು ವರ್ಷ ನಡೀಬೇಕು."

"ಹೋದವರ ಮೇಲೆ ಒಂದಿಷ್ಟು ಗೌರವ ಬೇಡ್ವಾ?"

"ಇದೆ. ಅದಕ್ಕೇ ಅವರ ಬಾಯಿಗೆ ನಿಮ್ಮ ಮಾತು ತುರುಕೋಕೆ ಬಿಡಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಗು ಬಂದು ಕೆಮ್ಮಿದರು. ದೊಡ್ಡಮ್ಮ ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ಸಹಿಯಿಲ್ಲದ ಕಾಗದವನ್ನು ಆಸ್ಪತ್ರೆ ಮುಟ್ಟುವುದಿಲ್ಲವಾದ್ದರಿಂದ, ಮುಖ್ಯಸ್ಥರು ಗೊಣಗಿಕೊಂಡೇ ಪರೀಕ್ಷೆಗೆ ಹೇಳಿದರು.

ಮರುದಿನ ಫಲಿತಾಂಶ ಬಂತು. ಫ್ಲಾಸ್ಕಿನಲ್ಲಿ ನೂರಕ್ಕೆ ಅರವತ್ತು ಪಾಲು ಒಳಪೊರೆಯ ನೆಂಟರೇ. "ನಮ್ಮ ಕಟ್ಟುನಿಟ್ಟಿನ ತಪಾಸಣೆಯಿಂದ ಪತ್ತೆಯಾಯಿತು" ಎಂದು ಮುಖ್ಯಸ್ಥರು ವರದಿಯಲ್ಲಿ ಬರೆಸಿದರು. ಆ ಹೆಂಗಸಿಗಾಗಿ ಹೊಸ ಚೂರಿನಿಂದ ಮತ್ತೆ ಬೆಳೆಸುವುದೆಂದಾಯಿತು.

ದೊಡ್ಡಮ್ಮ ಫ್ಲಾಸ್ಕಿಗೆ ಜೀವಕೋಶ ಸಾಯಿಸುವ ಔಷಧಿ ಸುರಿದು ಚೆಲ್ಲಿ ಬಂದರು. ಪಕ್ಕದ ಕುರ್ಚಿ ಖಾಲಿಯಿತ್ತು. ಅವರು ಕಣ್ಣು ಮುಚ್ಚಿ ಕೈ ಮುಗಿದರು.

"ದೇವರೇ, ಅವನು ಇದ್ದಾಗ ಅವನ ಮಾತು ಯಾರೂ ಕೇಳಲಿಲ್ಲ. ಪಕ್ಕದಲ್ಲೇ ಕೂತು ನಾನೂ ಎಷ್ಟೋ ಸಲ ಸುಮ್ಮನಿದ್ದೆ. ಅದನ್ನು ಮನ್ನಿಸು. ಆ ಜೀವವನ್ನು ನಿನ್ನ ಹತ್ತಿರ ನೆಮ್ಮದಿಯಾಗಿ ಇಟ್ಟುಕೋ."