ಒಂದೇ ತಾಯಿಯ ಹಾಲು

"ಏಳೋ ಸೂಳೆಮಗನೆ! ಒಂದು ಮೂಟೆಗೇ ಸೊಂಟ ಹಿಡ್ಕೊಂಡು ಕೂತ್ಯಲ್ಲ, ಬಾಣಂತಿ ಏನೋ ನೀನು?"

ಗೋದಾಮಿನ ಧಣಿಯ ಮಾತಿಗೆ ಗುಮಾಸ್ತ ಕಿಸಕ್ಕನೆ ನಕ್ಕ. ಸಿಮೆಂಟಿನ ಧೂಳಿನಲ್ಲಿ ನಿಂತಿದ್ದ ನಾವು ಹಮಾಲರು ನಗಲಿಲ್ಲ. ನೆಲ ಹಿಡಿದು ಕೂತವನು ನಮ್ಮ ಜೊತೆಗಾರ ಮೊಂಡ. ಅವನ ಎಡಪಕ್ಕೆಯ ಹೊಲಿಗೆಯನ್ನು ನಾವೆಲ್ಲ ನೋಡಿದ್ದೆವು. ಅಲ್ಲಿಂದ ತೆಗೆದ ಕಿಡ್ನಿ ಈಗ ಬೈಯುತ್ತಿದ್ದ ಧಣಿಯ ಹೊಟ್ಟೆಯಲ್ಲೇ ಇತ್ತು.

"ಸಾಯೋತನಕ ಗೇಟಲ್ಲಿ ಕೂರೋ ಕೆಲಸ ಕೊಡ್ತೀನಿ ಅಂದಿದ್ರಿ, ಧಣಿ."

"ದುಡ್ಡು ತಗೊಂಡಿಲ್ವೇನೋ? ಮಾರಿದ ಮಾಲಿಗೆ ಬಾಡಿಗೆ ಬೇರೆ ಬೇಕಾ? ನಾಳೆಯಿಂದ ಬರಬೇಡ. ಇರೋಕೆ ಕೊಟ್ಟ ಶೆಡ್ಡೂ ಖಾಲಿ ಮಾಡು."

ಕಿಡ್ನಿ ಮಾರುವುದು ಅಪರಾಧ, ಒಡಹುಟ್ಟಿದವರು ಕೊಟ್ಟರೆ ತಪ್ಪಿಲ್ಲ. ಅದಕ್ಕೇ ಆಪರೇಷನ್ನಿಗೆ ಮುಂಚೆ ಮೊಂಡನಿಗೆ ಹೊಸ ಶರ್ಟು ತೊಡಿಸಿ, ಒಪ್ಪಿಗೆ ಕೊಡುವ ಆಫೀಸರನ ಎದುರು ನಿಲ್ಲಿಸಿದ್ದರು. "ಇವನು ನಿಮಗೇನಾಗಬೇಕು?" ಎಂದಿದ್ದ ಆಫೀಸರ. ಧಣಿ ಮೊಂಡನ ಹೆಗಲು ತಬ್ಬಿ, "ನನ್ನ ತಮ್ಮ, ಸಾರ್. ದೇವರಾಣೆ, ಒಂದೇ ತಾಯಿ ಹಾಲು ಕುಡಿದೋರು" ಎಂದು ಕಣ್ಣೊರೆಸಿಕೊಂಡಿದ್ದ. ಪಕ್ಕದಲ್ಲಿ ಕೂತಿದ್ದ ಧಣಿಯ ತಾಯಿ ಹೌದೆಂದು ತಲೆಯಾಡಿಸಿದ್ದಳು.

ಮೊಂಡನನ್ನು ಓಡಿಸಿದ ವಾರದಲ್ಲೇ ಆ ಮುದುಕಿ ತೀರಿಕೊಂಡಳು.

ಧಣಿಯ ಅಂಗಳದ ತುಂಬ ಕಾರುಗಳು. ಆಫೀಸರನೂ ಹೂವು ಹಿಡಿದು ಬಂದಿದ್ದ. ಹೆಣ ಎತ್ತುವ ಹೊತ್ತಿಗೆ ಮೊಂಡ ಬಂದ. ಮೂಟೆ ಹೊರುವ ಗೋಣಿತಟ್ಟನ್ನೇ ಒಗೆದು ಹೆಗಲಿಗೆ ಹಾಕಿಕೊಂಡಿದ್ದ. ಹಿಂದೆ ಹಾಸಿಗೆ ಸುತ್ತಿ ಹೊತ್ತ ಹೆಂಡತಿ. ಅವಳ ಹಿಂದೆ ನಾವು.

"ಯಾವನೋ ಇವನು? ಒದ್ದು ಓಡಿಸ್ರೋ!" ಎಂದ ಧಣಿ.

ಮೊಂಡ ಆಫೀಸರನ ಕಡೆ ತಿರುಗಿದ. "ನೀವೇ ಹೇಳಿ ಸಾರ್, ನಾನು ಇವರಿಗೆ ಏನಾಗಬೇಕು?"

ಆಫೀಸರನ ಮುಖ ಬಿಳಿಚಿತು. ಧಣಿಯ ಕಿವಿಗೆ ಬಾಗಿ, "ತಮ್ಮ ಅನ್ರೀ ಮಾರಾಯ್ರೇ, ಇಲ್ಲಾಂದ್ರೆ ಇಬ್ರೂ ಜೈಲಿಗೆ" ಎಂದದ್ದು ನಮಗೂ ಕೇಳಿಸಿತು.

"ತಮ್ಮ…" ಎಂದ ಧಣಿ.

ಮೊಂಡ ಬಾಗಿಲಲ್ಲಿ ನಿಂತಿದ್ದ ಧಣಿಯ ಹೆಂಡತಿಯ ಕಡೆ ನೋಡಿದ. "ಜೋರಾಗಿ ಅನ್ನಣ್ಣ. ಅತ್ತಿಗೆಗೆ ಕೇಳಿಸ್ಲಿಲ್ಲ."

"ನನ್ನ ತಮ್ಮ!"

ಚಟ್ಟಕ್ಕೆ ಒಂದು ಕಡೆ ಧಣಿಯ ಹೆಗಲು, ಇನ್ನೊಂದು ಕಡೆ ಮೊಂಡನದು. ಹಿಂದೆ ನಾನು. ಗೇಟು ದಾಟುವಾಗ ನಡುಮನೆಯಿಂದ ಮೊಂಡನ ಹೆಂಡತಿಯ ದನಿ ಬಂತು: "ಅಕ್ಕಾ, ಹಾಸಿಗೆ ಇಳಿಸ್ಬೇಕು. ನಮ್ಮ ಕೋಣೆ ಯಾವುದು?"

ಮೊಂಡ ಹಲ್ಲು ಕಚ್ಚಿ ನಾಲ್ಕು ಹೆಜ್ಜೆ ನಡೆದ. ಆಮೇಲೆ ಮೆತ್ತಗೆ ಕೇಳಿದ:

"ಅವತ್ತು ನಂಗೆ ಸೂಳೆಮಗ ಅಂದ್ಯಲ್ಲಣ್ಣ, ನಮ್ಮ ಈ ಅವ್ವಂಗೇನಾ ಅಂದಿದ್ದು?"

ಧಣಿಯ ಕಾಲು ಮುಗ್ಗರಿಸಿತು. ಚಟ್ಟ ಅತ್ತ ವಾಲಿತು. ಮೊಂಡ ಹೆಗಲು ಕದಲಿಸಲಿಲ್ಲ.