ಗಂಟೆ ಹಿರಿಯರ ಚಿನ್ನದಂಚಿನ ಪುಸ್ತಕ

ನಮ್ಮ ಚರ್ಚಿನ ಹಿರಿಯರೊಬ್ಬರಿಗೆ ಗಂಟೆ ಎಂದು ಅಡ್ಡಹೆಸರು. ಪ್ರಾರ್ಥನೆಗೆ ನಿಂತರೆ ಮೂರು ಬೀದಿಗೆ ಕೇಳಿಸುತ್ತದೆ. ದೇವರಿಗೆ ಕಿವಿ ಮಂದ ಎಂದು ಅವರಿಗೆ ಯಾರೋ ಹೇಳಿರಬೇಕು. ಒಂದು ಸೋಮವಾರ ಅವರು ತಮ್ಮ ಸತ್ಯವೇದವನ್ನು, ಅಂದರೆ ಬೈಬಲನ್ನು, ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. ನಾನು ಪುಸ್ತಕ ಬೈಂಡ್ ಮಾಡುವವನು.

"ಓದಿ ಓದಿ ರಟ್ಟು ಕಿತ್ತು ಬಂದಿದೆಯಪ್ಪ. ನಲವತ್ತು ವರ್ಷ ಆಯ್ತಲ್ಲ," ಎಂದರು. "ಶನಿವಾರ ಬೆಳಿಗ್ಗೆ ಬೇಕು. ಶಾಲೆ ಕಮಿಟಿ ಮೀಟಿಂಗ್ ಇದೆ."

ಆ ಮೀಟಿಂಗ್ ಯಾಕೆಂದು ನನಗೆ ಗೊತ್ತಿತ್ತು. ನನ್ನ ಅಕ್ಕನನ್ನು ತೆಗೆಯಲು. ಚರ್ಚಿನ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ವೇದಪಾಠ ಹೇಳುವವಳು ಅವಳು. ವಾರಕ್ಕೆ ಒಂದೇ ಅಧ್ಯಾಯ. ಪ್ರತಿ ಮಗುವೂ ಅದನ್ನು ಓದಿ ಒಂದು ಪ್ರಶ್ನೆ ಬರೆದು ತರಬೇಕು. ಬಾಯಿಪಾಠ ಮಾಡಿಸುವವಳಲ್ಲ. ಈ ಸಲ ಚರ್ಚುಗಳ ಬಾಯಿಪಾಠ ಸ್ಪರ್ಧೆಯಲ್ಲಿ ನಮ್ಮ ಮಕ್ಕಳು ಕೊನೆಯವರಾದರು. ಪಕ್ಕದ ಚರ್ಚಿನ ಮಗುವೊಂದು ಎಲ್ಲಕ್ಕಿಂತ ಉದ್ದದ ಕೀರ್ತನೆಯನ್ನು ಉಸಿರು ಬಿಡದೆ ಒಪ್ಪಿಸಿತು. ಅದರಲ್ಲಿ ನಿನಗೆ ಯಾವ ಮಾತು ಇಷ್ಟ ಎಂದು ಅಕ್ಕ ಕೇಳಿದರೆ ಅಮ್ಮನ ಮುಖ ನೋಡಿತು. ಆದರೂ ಕಪ್ ಅದಕ್ಕೇ. ಗಂಟೆಯವರ ಮರ್ಯಾದೆ ಮಣ್ಣುಪಾಲಾಯಿತು. ಅಕ್ಕನ ಪೀರಿಯಡ್ಡನ್ನು ಬಾಯಿಪಾಠದ ತರಬೇತಿ ಮಾಡಿ ತಮ್ಮ ಅಳಿಯನಿಗೆ ಕೊಡಿಸಲು ಹೊರಟರು. ಆ ಅಳಿಯ ಮಾವನ ಮನೆಯ ಸೋಫಾ ಸವೆಸುವುದು ಬಿಟ್ಟರೆ ಬೇರೆ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ.

ಸರಿ, ಹಳೆಯ ರಟ್ಟು ಬಿಚ್ಚಿದೆ. ಚಿನ್ನದಂಚಿನ ಪುಸ್ತಕ ಹೊಸದರಲ್ಲಿ ಹಾಳೆಗೆ ಹಾಳೆ ಅಂಟಿಕೊಂಡಿರುತ್ತದೆ. ಓದುವವನ ಹೆಬ್ಬೆರಳೇ ಅದನ್ನು ಬಿಡಿಸುತ್ತಾ ಹೋಗಬೇಕು. ಓದಿದ ಕಡೆ ಚಿನ್ನ ಮಾಸಿ ಕಂದುಬಣ್ಣ ಬರುತ್ತದೆ. ಗಂಟೆಯವರ ಪುಸ್ತಕದಲ್ಲಿ ಈ ತುದಿಯಿಂದ ಆ ತುದಿಗೆ ಚಿನ್ನ ಹೊಸ ಉಂಗುರದಂತೆ ಹೊಳೆಯುತ್ತಿತ್ತು. ಹಾಳೆ ಬಿಟ್ಟಿದ್ದು ಎರಡೇ ಕಡೆ: ಮಕ್ಕಳು ಹುಟ್ಟಿದ ದಿನ ಬರೆಯುವ ಪುಟ, ಸಾವಿನ ಮನೆಯಲ್ಲಿ ಓದುವ ಒಂದು ಕೀರ್ತನೆ. ರಟ್ಟನ್ನು ಸವೆಸಿದ್ದು ಕಣ್ಣಲ್ಲ, ಕಂಕುಳು.

ನನಗೆ ಪಿತ್ತ ನೆತ್ತಿಗೇರಿತು. ಅಕ್ಕನನ್ನು ಕರೆದು ತೋರಿಸಿದೆ.

"ಶನಿವಾರ ಇದನ್ನ ಹಿಂಗೇ ತಗೊಂಡ್ಹೋಗಿ ಮೇಜಿನ ಮೇಲೆ ಕುಕ್ತೀನಿ. ಎಲ್ರೂ ನೋಡ್ಲಿ."

"ಬಾಯಿ ಮುಚ್ಚು," ಎಂದಳು ಅಕ್ಕ. "ರಿಪೇರಿಗೆ ಬಂದ ಪುಸ್ತಕ ಅಂದ್ರೆ ಡಾಕ್ಟರ ಮುಂದೆ ಬಿಚ್ಚಿದ ಮೈ ಇದ್ದಂಗೆ. ಅದನ್ನ ಬೀದಿಗೆ ತರ್ತೀಯಾ?"

"ನಿನ್ನ ಕೆಲಸ ಹೋಗ್ತದಲ್ಲೇ."

"ನಿನ್ ಪುಸ್ತಕ ಎಲ್ಲಿ?"

ಕಪಾಟಿನಿಂದ ಅವಳೇ ತೆಗೆದಳು. ಅದೂ ಚಿನ್ನದಂಚಿನದೇ. ಮೇಜಿನ ಮೇಲೆ ಪುಸ್ತಕದ ಬೆನ್ನೂರಿ ನಿಲ್ಲಿಸಿ ಕೈಬಿಟ್ಟಳು. ಯಾವ ಪುಸ್ತಕವೂ ಹೆಚ್ಚು ಓದಿದ ಕಡೆ ತಾನಾಗಿ ತೆರೆದುಕೊಳ್ಳುತ್ತದೆ. ನನ್ನದು ದೇವರು ಊರೂರಿಗೆ ಶಾಪ ಹಾಕುವ ಪುಟಗಳಲ್ಲಿ ತೆರೆದುಕೊಂಡಿತು.

"ಬೈಗುಳದ ಜಾಗ ಮಾತ್ರ ಚೆನ್ನಾಗಿ ಓದಿದೀಯ. ಮೀನಿನ ಹೊಟ್ಟೆಗೆ ಹೋದ ಪ್ರವಾದಿ ಕತೆ ನೋಡು, ಇನ್ನೂ ಫಳಫಳ ಹೊಳೀತಿದೆ. ದೊಡ್ಡದಾಗಿ ಗಂಟೆಯವರನ್ನ ಆಡ್ಕೊಳ್ಳೋಕೆ ಬಂದ."

ಗಂಟೆಯವರ ಪುಸ್ತಕವನ್ನು ಮುಂದಕ್ಕೆ ಎಳೆದುಕೊಂಡೆ. ಹೊಸ ಬೆನ್ನು ಕಟ್ಟಿದ ಮೇಲೆ ಹಾಳೆಗಳನ್ನು ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ತೆರೆದು ಒತ್ತಿ ಸಡಿಲಿಸುವುದು ನಮ್ಮ ಕೆಲಸದ ಕ್ರಮ. ಹಾಗೆ ಮಾಡಿದರೆ ಅಂಟಿದ್ದೆಲ್ಲ ಬಿಟ್ಟು ಸಾಕ್ಷಿಯೇ ಹೋಗುತ್ತದೆ. ಅಕ್ಕ ಎದುರಿಗೆ ಕೂತು ಮಾಡಿಸಿದಳು. ನಲವತ್ತು ವರ್ಷದಲ್ಲಿ ಅವರು ಮಾಡದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ.

ಶನಿವಾರ ಪುಸ್ತಕ ಕೊಡುವ ನೆಪದಲ್ಲಿ ಮೀಟಿಂಗಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅಧ್ಯಕ್ಷತೆ ಪಾದ್ರಿ ಅಯ್ಯನವರದು. ಯಾರು ಕೊನೆಗೆ ಮಾತಾಡಿದರೋ ಅವರ ಪರ ಇರುವವರು ಅವರು. ಗಂಟೆಯವರು ಹೊಸ ರಟ್ಟನ್ನು ತಟ್ಟಿ ತಟ್ಟಿ ಅರ್ಧ ಗಂಟೆ ಬಾರಿಸಿದರು. ದೇವರ ವಾಕ್ಯ ನಾಲಿಗೆ ಮೇಲಿರಬೇಕಂತೆ. ಮಕ್ಕಳಿಗೆ ಪ್ರಶ್ನೆ ಕೇಳೋದು ಕಲಿಸಿದರೆ ನಾಳೆ ಅಪ್ಪನನ್ನೇ ಕೇಳ್ತಾವಂತೆ.

ಅಕ್ಕ ಎದ್ದಳು. "ಹಿರಿಯರು ಹೇಳೋದು ಕೇಳಿಸ್ಕೊಂಡೆ. ನನ್ನ ಪಾಠ ಹೆಂಗಿರುತ್ತೆ ಅಂತ ಕಮಿಟಿ ಒಂದ್ಸಲನೂ ನೋಡಿಲ್ಲ. ಹತ್ತು ನಿಮಿಷ ನೋಡಿ, ಆಮೇಲೆ ತೆಗೀರಿ. ಈ ವಾರ ಮಕ್ಕಳು ಓದ್ತಿರೋದು ಮೀನಿನ ಹೊಟ್ಟೆಗೆ ಹೋದ ಪ್ರವಾದಿಯ ಕೊನೇ ಅಧ್ಯಾಯ. ಹಿರಿಯರೇ, ನೀವೇ ದೊಡ್ಡದಾಗಿ ಓದಿ."

ಅವಳು ಬಲೆ ಬೀಸಿದ್ದಳೋ, ಗೌರವಕ್ಕೇ ಹೇಳಿದ್ದಳೋ, ಇವತ್ತಿಗೂ ನನಗೆ ಹೇಳಿಲ್ಲ.

ಗಂಟೆಯವರು ಪುಸ್ತಕ ತೆರೆದರು. ಹುಡುಕಿದ್ದು ಎಲ್ಲಿ? ಹೊಸ ಒಡಂಬಡಿಕೆಯ ಸುವಾರ್ತೆಗಳಲ್ಲಿ. ಮೀನು ಎಂದ ಮೇಲೆ ಬೆಸ್ತರು ಇರುವ ಕಡೆಯೇ ಇರಬೇಕು ಎಂಬುದು ಅವರ ಲೆಕ್ಕ. ಮುಂದೆ ಹೋದರು, ಪತ್ರಗಳು ಬಂದವು. ಇನ್ನೂ ಮುಂದೆ ಹೋದರು, ಲೋಕದ ಅಂತ್ಯವೇ ಬಂತು.

"ಹಿಂದಕ್ಕೆ ಹಿರಿಯರೇ," ಎಂದರು ಕಮಿಟಿಯಲ್ಲಿದ್ದ ಟೈಲರಮ್ಮ. ಅವರ ಮಗಳು ಅಕ್ಕನ ತರಗತಿಯಲ್ಲಿದ್ದಾಳೆ. "ಹಳೇ ಒಡಂಬಡಿಕೆ. ಇನ್ನೂ ಹಿಂದಕ್ಕೆ. ಅಯ್ಯೋ, ಅಷ್ಟು ಹಿಂದಲ್ಲ, ಅಲ್ಲಿ ಆದಾಮನೇ ಹುಟ್ಟಿಲ್ಲ."

ಗಂಟೆಯವರ ಮುಖ ಕೆಂಪಾಯಿತು. ನನ್ನ ಕಡೆ ಬೆರಳು ತೋರಿಸಿದರು. "ಈ ಬೈಂಡರ್ ಹಾಳೆ ಅದಲುಬದಲು ಹೊಲಿದಿದಾನೆ. ಕಣ್ಮುಚ್ಚಿ ತೆಗೀತಿದ್ದ ಜಾಗ ಇವತ್ತು ಸಿಗ್ತಿಲ್ಲ."

ಅಕ್ಕನ ಕೆಲಸಕ್ಕೆ ಕೈ ಹಾಕಿದ್ದು ಸಾಲದೆ ನನ್ನ ಕೆಲಸಕ್ಕೂ ಬಂದರು. ನಾನು ಎದ್ದೆ. ಬಾಯಲ್ಲಿ ಚಿನ್ನದಂಚಿನ ಕತೆ ಪೂರ್ತಿ ತಯಾರಿತ್ತು. ಅಕ್ಕ ನನ್ನನ್ನು ನೋಡಿದಳು. ನುಂಗಿಕೊಂಡೆ. ಪುಸ್ತಕ ಇಸಿದುಕೊಂಡು, ಆ ಪ್ರವಾದಿಯನ್ನು ತೆಗೆದು, ಟೈಲರಮ್ಮನ ಪುಸ್ತಕದ ಪಕ್ಕದಲ್ಲಿಟ್ಟೆ.

"ಈ ಪ್ರವಾದಿಯ ಹಿಂದೆ ಯಾರು, ಮುಂದೆ ಯಾರು, ಎರಡರಲ್ಲೂ ತಾಳೆ ನೋಡಿ ಅಯ್ಯನವರೇ. ಒಂದು ಹಾಳೆ ಆಚೀಚೆ ಆಗಿದ್ರೆ ನಾಳೆ ಅಂಗಡಿ ಮುಚ್ತೀನಿ."

ಅಯ್ಯನವರು ಕನ್ನಡಕ ಹಾಕಿ ನೋಡಿದರು. "ಸರಿಯಾಗಿದೆ," ಎಂದರು. ಪುಸ್ತಕ ಕೈಯಲ್ಲಿದ್ದುದರಿಂದ ತಾವೇ ಓದಿದರು. ಕೆಟ್ಟ ಊರನ್ನು ದೇವರು ಕ್ಷಮಿಸಿಬಿಟ್ಟ ಎಂದು ಪ್ರವಾದಿ ಸಿಟ್ಟು ಮಾಡಿಕೊಂಡು ಊರ ಹೊರಗೆ ಕೂರುವ ಭಾಗ ಅದು. ಓದು ಮುಗಿದ ಮೇಲೆ ಟೈಲರಮ್ಮ, "ಮೀನಿಂದ ಆಚೆ ಬಂದ್ಮೇಲೂ ಕತೆ ಇದೆ ಅಂತ ನಂಗೆ ಮಗಳು ಹೇಳೋವರೆಗೂ ಗೊತ್ತಿರಲಿಲ್ಲ," ಎಂದರು. ಅಳಿಯನ ಮಾತನ್ನು ಯಾರೂ ಎತ್ತಲಿಲ್ಲ. ಅಕ್ಕನ ಪೀರಿಯಡ್ ಅಕ್ಕನಿಗೇ ಉಳಿಯಿತು. ಮರುದಿನ ಗಂಟೆಯವರು ಎಂದಿನಂತೆ ಪ್ರಾರ್ಥಿಸಿದರು, ಮೂರು ಬೀದಿಗೆ. ನಾಚಿಕೆ ಎಂಬುದು ಎಲ್ಲರಿಗೂ ಬರುವ ಕಾಯಿಲೆಯಲ್ಲ.

ಸೋಮವಾರ ಅಂಗಡಿಯಲ್ಲಿ ನನ್ನ ಪುಸ್ತಕ ತೆಗೆದೆ. ಮೀನಿನ ಪ್ರವಾದಿಯ ನಾಲ್ಕು ಅಧ್ಯಾಯದ ಹಾಳೆಗಳನ್ನು ಹೆಬ್ಬೆರಳಿನಿಂದ ಬಿಡಿಸಿ ಓದಿದೆ. ಅಕ್ಕ ಶಾಲೆಯಿಂದ ಬರುತ್ತಾ ಇಣುಕಿದಳು.

"ಏನನ್ಸಿತೋ?"

"ಒಪ್ಪಲ್ಲ. ಅಂಥವರನ್ನ ಸುಮ್ನೆ ಬಿಟ್ಟುಬಿಡೋದು ಯಾವ ನ್ಯಾಯ?"

"ಅದನ್ನೇ ಚೀಟಿಲಿ ಬರ್ಕೊಂಡು ನಾಳೆ ಕ್ಲಾಸಿಗೆ ಬಾ," ಎಂದಳು. "ಹಿಂದಿನ ಬೆಂಚಲ್ಲಿ ಜಾಗ ಇದೆ."